ಅಣ್ಣನ ಕೂಗಿನ ಬಣ್ಣ

ಗ್ಯಾರೇಜಿನ ಯಜಮಾನನ ತಂಗಿ, ಅಲ್ಲಿ ಬಣ್ಣ ಕಲೆಸುವವಳು, ಯಾರ ಮುಖವನ್ನೂ ನೋಡುವವಳಲ್ಲ, ಆದರೆ ಕಾರಿನ ಬಾಗಿಲೊಂದನ್ನು ಊಟದ ಹೊತ್ತಿನವರೆಗೂ ನೋಡಿಯಾಳು. ಸುತ್ತಿಗೆಯ ಸದ್ದಿಗೆ ಕಿವಿ ಮುಚ್ಚುತ್ತಾಳೆ, ನಜ್ಜುಗುಜ್ಜಾದ ಗಾಡಿ ಬಂದರೆ ಅದರ ಮೈ ಸವರಿ ಅಳುತ್ತಾಳೆ, ಅವಳ ಡಬ್ಬಿಯನ್ನು ಯಾರಾದರೂ ಒಂದಂಗುಲ ಸರಿಸಿದರೆ ಅಂದಿನ ಕೆಲಸಕ್ಕೆ ಎಳ್ಳುನೀರು. ಡಾಕ್ಟರು ಇದಕ್ಕೆ ಆಟಿಸಂ ಎಂದರು; ಮೂಗಿನ ತುದಿಯಲ್ಲೇ ಸಿಟ್ಟಿರುವ ಅಣ್ಣ, "ಹೆಸರು ಏನಾದ್ರೂ ಇರ್ಲಿ, ಕಣ್ಣು ಮಾತ್ರ ಚಿನ್ನ" ಎಂದ. ಅವನು ಗದರಿದಾಗಲೆಲ್ಲ ಅವಳು ಆ ಕೂಗಿನ ಬಣ್ಣ ಕಲೆಸಿ ಗೋಡೆಗೊಂದು ಬೊಟ್ಟಿಡುತ್ತಾಳೆ. ಗೋಡೆ ತುಂಬ ಕೆಂಪೇ ಕೆಂಪು. ಹೋದ ವಾರ ಬಾಗಿಲು ಜಜ್ಜಿದ ನೀಲಿ ಕಾರು ತಂದ ದೊಡ್ಡ ಗಿರಾಕಿ, "ಹೊಸ ಬಣ್ಣದ ಪಟ್ಟೆ ಕಂಡ್ರೆ ನನ್ನ ಹತ್ತೂ ಗಾಡಿ ಬೇರೆ ಕಡೆ! ಬಣ್ಣ ಕಲೆಸೋ ಯಂತ್ರ ತರ್ಸಿ, ಇವಳನ್ನ ಮನೇಲಿ ಕೂರ್ಸಿ" ಎಂದು ಗುಡುಗಿದ. ಅವಳು ಕಂಪನಿಯ ಬಣ್ಣಗಳ ಪುಸ್ತಕವನ್ನು ಮಡಚಿಟ್ಟಳು: "ಈ ಕಾರು ಹನ್ನೊಂದು ವರ್ಷ ಬಿಸಿಲು ಕುಡಿದಿದೆ. ಹೊಸ ನೀಲಿ ಹಚ್ಚಿದ್ರೆ ಬಾಗಿಲು ಒಂಟಿಯಾಗುತ್ತೆ." ಮೂರು ದಿನ ಕಲೆಸಿ ಬಾಗಿಲಿಗೆ ಹಚ್ಚಿದಳು. ಗಿರಾಕಿ ಬಂದು ಕಾರಿಗೆ ನಾಲ್ಕು ಸುತ್ತು ಹಾಕಿ, ಕನ್ನಡಕ ಒರೆಸಿ, "ರಿಪೇರಿ ಮಾಡಿದ್ದು ಯಾವ ಬಾಗಿಲು ಸ್ವಾಮಿ?" ಎಂದ. "ನನ್ನ ತಂಗಿ ಕಣಯ್ಯಾ!" ಎಂದು ಅಣ್ಣ ತಗಡಿನ ಸೂರು ಹಾರುವಂತೆ ಕೂಗಿದ. ಅವಳು ಎಂದಿನಂತೆ ಕಿವಿ ಮುಚ್ಚಿದಳು. ಆಮೇಲೆ ಗೋಡೆಯ ಬಳಿ ಹೋಗಿ, ಅಷ್ಟೂ ಕೆಂಪಿನ ನಡುವೆ, ಅಂಗೈಯಗಲ ಹಳದಿ ಬಳಿದಳು.