ಮಾದರಿ ಪಾಠದ ಮಕ್ಕಳು

ಸಮಾರೋಪಕ್ಕೆ ಪತ್ರಕರ್ತರನ್ನು ಕರೆಯುವುದು ಸಿಂಧನೂರಿನಲ್ಲಿ ಹಳೆಯ ಪದ್ಧತಿ. ಏನು ಮುಗಿಯಿತು ಎಂಬುದು ಮುಖ್ಯವಲ್ಲ, ಮುಗಿದದ್ದು ಮರುದಿನ ಪತ್ರಿಕೆಯಲ್ಲಿ ಬರಬೇಕು. ಆ ಸಲ ಮುಗಿಯಲಿದ್ದದ್ದು ಪ್ರಾಥಮಿಕ ಶಾಲಾ ಶಿಕ್ಷಕರ ಐದು ದಿನಗಳ ತರಬೇತಿ. ನಾನು ಹೋಗಲು ಇನ್ನೊಂದು ಕಾರಣವೂ ಇತ್ತು. ತರಬೇತಿಯಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕನ ಮನೆ ಮಸ್ಕಿಯಲ್ಲಿ. ಅಲ್ಲಿಂದ ದಿನಾ ಷೇರ್ ಆಟೋ ಹಿಡಿದು ಸಂತೆಕಲ್ಲೂರಿನ ಕಡೆಯ ಒಂದು ಸಣ್ಣ ಹಳ್ಳಿಯ ಶಾಲೆಗೆ ಹೋಗುತ್ತಾಳೆ. ಶಾಲೆಯಲ್ಲಿ ಇಬ್ಬರೇ ಶಿಕ್ಷಕರು. ಒಬ್ಬರು ಹೆಡ್‌ಮಾಸ್ತರು, ಅಂದರೆ ಬಿಸಿಯೂಟದ ಅಕ್ಕಿ, ಹಾಲಿನ ಪುಡಿ, ಮೊಟ್ಟೆ ಮತ್ತು ಸಭೆಗಳನ್ನು ನೋಡಿಕೊಂಡು ಉಳಿದ ಹೊತ್ತಿನಲ್ಲಿ ಪಾಠ ಮಾಡುವವರು. ಇನ್ನೊಬ್ಬಳು ಅಕ್ಕ. ಒಂದರಿಂದ ಮೂರರವರೆಗಿನ ತರಗತಿಗಳು ಅವಳ ಪಾಲು. ಹಳ್ಳಿಯಲ್ಲಿ ಯಾರಿಗೆ ಓದಲು ಬಂದರೂ ಅದು ಅವಳ ಕೈಯಿಂದಲೇ ಬಂದದ್ದು. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಅಕ್ಷರ ಕಲಿಸಲು ಬೇರೆ ಯಾರೂ ಅಲ್ಲಿರಲಿಲ್ಲ.

ಅವಳಿಗೆ ಮೇಲಿನ ವೇತನ ಶ್ರೇಣಿ ಸಿಗಬೇಕಾದ ವರ್ಷ ಬಂದಿತ್ತು. ಹಿಂದೆ ಸೇವೆಯ ವರ್ಷಗಳು ತುಂಬಿದರೆ ಶ್ರೇಣಿ ಬರುತ್ತಿತ್ತು. ಈಗ ಹೊಸ ನಿಯಮವಾಗಿತ್ತು: ತರಬೇತಿ ಮುಗಿಸಬೇಕು, ಕೊನೆಯ ದಿನ ಮಾದರಿ ಪಾಠ ಮಾಡಿ ತೋರಿಸಬೇಕು, ಮೌಲ್ಯಮಾಪಕರು ಪಾಸು ಮಾಡಬೇಕು. ನಪಾಸಾದರೆ ಮುಂದಿನ ತಂಡದೊಂದಿಗೆ ಮತ್ತೆ ಐದು ದಿನ. ಸುತ್ತೋಲೆ ಬಂದ ಸಂಜೆ ಅಕ್ಕ ಫೋನ್ ಮಾಡಿದ್ದಳು.

"ಹೆಚ್ಚಿಗಿ ಪಗಾರ ಬೇಕಂದ್ರ ಸಾಲಿ ಬಿಟ್ಟು ಬರಬೇಕಂತ ನೋಡು ತಮ್ಮಾ. ನನ್ನ ಒಂದನೇತ್ತದ ಹುಡುಗ್ರು ಈಗರ ಕಾಗುಣಿತ ಹಿಡಿಯಾಕತ್ತಾರ. ಹೆಪ್ಪು ಹಾಕಿದ ಹಾಲು ಯಾರಾರ ಅಲುಗಾಡಸ್ತಾರೇನು?"

ಅವಳಿಗೆ ಸುಧಾರಣೆಯ ಮೇಲೆ ಸಿಟ್ಟಿರಲಿಲ್ಲ. ಈ ಹೊಸ ನಿಯಮಕ್ಕಿಂತ ಮೊದಲು ಫೋನಿನ ತರಬೇತಿಗಳ ಕಾಲ ನಡೆದಿತ್ತು. ವಿಡಿಯೋ ಕೊನೆಯವರೆಗೆ ಓಡಿದರೆ ಶಿಕ್ಷಕರು ಕಲಿತರು ಎಂದು ಅರ್ಥ. ಮಸ್ಕಿ ಬಸ್ ನಿಲ್ದಾಣದಲ್ಲಿ ಒಬ್ಬ ಮಾಸ್ತರು ತಮ್ಮ ಫೋನನ್ನೂ ಹೆಂಡತಿಯ ಫೋನನ್ನೂ ತೊಡೆಯ ಮೇಲೆ ಜೋಡಿಸಿಕೊಂಡು, ಎರಡರ ದನಿಯನ್ನೂ ಬಂದ್ ಮಾಡಿ, ಪಕ್ಕದವರ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹೆಂಡತಿಯೂ ಶಿಕ್ಷಕಿ. ಕೊನೆಯ ರಸಪ್ರಶ್ನೆಯ ಉತ್ತರಗಳು ಶಿಕ್ಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಶುಭೋದಯದ ಚಿತ್ರಕ್ಕಿಂತ ಮೊದಲೇ ಬಂದಿರುತ್ತಿದ್ದವು. ಆ ವಿಡಿಯೋಗಳನ್ನು ಕೂತು ನೋಡಿದ ಕೆಲವೇ ಕೆಲವರಲ್ಲಿ ಅಕ್ಕ ಒಬ್ಬಳು. ಒಂದೆರಡು ಚೆನ್ನಾಗಿದ್ದವು ಎಂದೂ ಹೇಳಿದ್ದಳು.

ಸಿಂಧನೂರಿನ ತರಬೇತಿ ನಡೆದದ್ದು ಅಕ್ಕಿ ಗಿರಣಿಗಳ ಸಮೀಪದ ಒಂದು ಶಾಲೆಯ ಸಭಾಂಗಣದಲ್ಲಿ. ಕಿಟಕಿ ತೆರೆದರೆ ತೌಡಿನ ಧೂಳು, ಮುಚ್ಚಿದರೆ ಸೆಖೆ. ಮೊದಲ ದಿನ ಸಂಜೆ ಅಕ್ಕನಿಗೆ ಫೋನ್ ಮಾಡಿ, ಏನು ಕಲಿಸಿದರು ಎಂದು ಕೇಳಿದೆ.

"ಚಪ್ಪಾಳಿ," ಅಂದಳು.

"ಅಷ್ಟೇನಾ?"

"ಮೂರು ನಮೂನಿ ಅದಾವಲೇ. ಮಳಿ ಚಪ್ಪಾಳಿ, ರೈಲು ಚಪ್ಪಾಳಿ, ಇನ್ನೊಂದು ಮರತೆ. ನಾಳಿ ಕೇಳಿ ಹೇಳ್ತೀನಿ."

ಎರಡನೇ ದಿನ ಗುಂಪುಗಳಾದವು. ಅಕ್ಕ ಸಂಪಿಗೆ ತಂಡ. ಮೂರನೇ ದಿನ ಸಂಪಿಗೆ ತಂಡ ಬಣ್ಣದ ಹಾಳೆಯ ಮೇಲೆ 'ಸಂತಸದ ಕಲಿಕೆ' ಎಂದು ಬರೆದು ಗೋಡೆಗೆ ಅಂಟಿಸಿತು. ಮಲ್ಲಿಗೆ ತಂಡವೂ ಅದನ್ನೇ ಬರೆದಿತ್ತು. ಇದನ್ನೆಲ್ಲ ನಡೆಸುತ್ತಿದ್ದವರಿಗೆ ಸಂಪನ್ಮೂಲ ವ್ಯಕ್ತಿ ಎಂದು ಬಿರುದು. ಅವರೂ ಶಿಕ್ಷಕರೇ. ಕಾಲುವೆ ಕಡೆಯ ಯಾವುದೋ ಹಳ್ಳಿಯ ಶಾಲೆಯ ಹಾಜರಿಯಲ್ಲಿ ಅವರ ಹೆಸರಿದೆ, ಶಾಲೆಯಲ್ಲಿ ಅವರಿಲ್ಲ. ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದನ್ನು ಅವರು ವರ್ಷಗಳಿಂದ ದೊಡ್ಡವರಿಗೆ ಕಲಿಸುತ್ತಿದ್ದರು. ಬಡ್ತಿಗಳು ಅವರಿಗೆ ಸಕಾಲಕ್ಕೆ ಬಂದಿದ್ದವು.

ಕೊನೆಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮೌಲ್ಯಮಾಪಕರು ಲಿಂಗಸುಗೂರಿನಿಂದ ಬಂದಿದ್ದರು. ಅವರ ಕೈಯಲ್ಲಿ ಅಂಕದ ಹಾಳೆ ಇತ್ತು. ಆ ಹಾಳೆಯನ್ನು ಒಂದೇ ಪಾಠಕ್ಕೆಂದು ತಯಾರಿಸಿದ್ದರಿಂದ ಎಲ್ಲರೂ ಅದೇ ಪಾಠ ಮಾಡಬೇಕು: ನೀರಿನ ಮೂಲಗಳು. ಪಾಠಕ್ಕೆ ಮಕ್ಕಳು ಬೇಕಲ್ಲ, ಹತ್ತಿರದ ಶಾಲೆಯಿಂದ ನಾಲ್ಕನೇ ತರಗತಿಯವರನ್ನು ಕರೆತಂದಿದ್ದರು. ಅವರು ಹಿಂದಿನ ತಂಡಕ್ಕೂ ಬಂದಿದ್ದರು, ಅದರ ಹಿಂದಿನದಕ್ಕೂ. ಬಿಸ್ಕತ್ತಿನ ಪೊಟ್ಟಣ ಯಾವಾಗ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಪಾಠವೂ ಗೊತ್ತಿತ್ತು.

ಮೊದಲು ಎದ್ದವರು ಒಬ್ಬ ಎತ್ತರದ ಮಾಸ್ತರು. "ಮಕ್ಕಳೇ, ಇವತ್ತು ನಾವು..." ಅನ್ನುವಷ್ಟರಲ್ಲಿ ಇಡೀ ತರಗತಿ "ಬಾವಿ, ಕೆರೆ, ನದಿ, ಸಮುದ್ರ, ಮಳೆ!" ಎಂದು ಕೂಗಿತು. ಸಂಪನ್ಮೂಲ ವ್ಯಕ್ತಿ ಮುಂದೆ ಬಗ್ಗಿ ಪಿಸುಗುಟ್ಟಿದರು: "ಲೇ, ಮೊದಲ ಅವರು ಪ್ರಶ್ನಿ ಕೇಳಲಿ. ಆಮ್ಯಾಲ ಕೈ ಎತ್ರಿ." ಮಾಸ್ತರು ಬೆವರು ಒರೆಸಿಕೊಂಡರು, ಪ್ರಶ್ನೆ ಕೇಳಿದರು, ಉತ್ತರ ಬಂತು. ಎರಡನೇ ಪ್ರಶ್ನೆ ಅವರಿಗೆ ಮರೆತುಹೋಯಿತು. ಮಕ್ಕಳು ಸ್ವಲ್ಪ ಹೊತ್ತು ಕಾದರು. ಆಮೇಲೆ ಅದಕ್ಕೂ ಉತ್ತರ ಹೇಳಿದರು. ಮುಂದಿನ ಸಾಲಿನಲ್ಲಿ ಜಡೆಗೆ ರಿಬ್ಬನ್ ಕಟ್ಟಿದ್ದ ಒಬ್ಬ ಹುಡುಗಿ ಎದ್ದು ನಿಂತು, ಹಿರಿಯಳಂತೆ, "ಸರ್, ಈಗ ಚಾರ್ಟ್ ತೋರಸ್ಬೇಕ್ರೀ" ಅಂದಳು. ಅವರು ತೋರಿಸಿದರು. ಮೌಲ್ಯಮಾಪಕರು 'ಮಕ್ಕಳ ಸಕ್ರಿಯ ಭಾಗವಹಿಸುವಿಕೆ'ಗೆ ಪೂರ್ತಿ ಅಂಕ ಕೊಟ್ಟರು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಹೀಗೆ ಪಾಠಗಳು ಒಂದರ ಹಿಂದೆ ಒಂದು ನಡೆದವು. ಅಕ್ಕನ ಸರದಿ ಬಂತು. ಅವಳ ಕೈಯಲ್ಲಿ ಚಾರ್ಟ್ ಇರಲಿಲ್ಲ.

"ಇವತ್ತ ಮುಂಜಾನಿ ಜಳಕಾ ಮಾಡಿ ಬಂದವ್ರು ಯಾರು?" ಅಂದಳು.

ಹಿಂದಿನಿಂದ ಒಬ್ಬ ರೂಢಿಯ ಮೇಲೆ "ಬಾವಿ, ಕೆರೆ..." ಎಂದು ಶುರುಮಾಡಿ ನಿಲ್ಲಿಸಿದ.

"ಅದನ್ನ ಬಿಡ್ರಿ. ಜಳಕದ ನೀರು ಎಲ್ಲಿಂದ ಬಂತು?"

ರಿಬ್ಬನ್ ಹುಡುಗಿ ಎದ್ದಳು. "ನಮ್ಮನ್ಯಾಗ ಮಾಡಿಲ್ರೀ. ನಳಾ ಬಂದಿಲ್ಲ."

"ಸುಳ್ರೀ ಮೇಡಂ! ನಿನ್ನಿ ಬಂದಿತ್ತು. ಇವರವ್ವ ಮಲಗಿದ್ದಳು."

"ನಿಮ್ಮವ್ವ ಮಲಗಿದ್ದಳಲೇ!"

"ನಮಗ ನಳಾನೇ ಬ್ಯಾಡ್ರೀ," ಅಂದ ಇನ್ನೊಬ್ಬ. "ಮನಿ ಹಿಂದ ಕಾಲಿವಿ ಅದ. ನಮ್ಮಪ್ಪ ಅಲ್ಲೇ ಜಳಕಾ ಮಾಡ್ತಾನ."

"ಇವರ ಎಮ್ಮಿನೂ ಅಲ್ಲೇ ಮಾಡ್ತದ್ರೀ!"

ಕೋಣೆ ಬಿದ್ದು ಬಿದ್ದು ನಕ್ಕಿತು. ಅಕ್ಕ ನಗಲಿಲ್ಲ. ಗಂಭೀರವಾಗಿ ಕಾಲುವೆಯ ಹುಡುಗನ ಕಡೆ ತಿರುಗಿದಳು. "ನೀರು ಯಾ ಕಡಿಂದ ಹರಿದು ಬರ್ತದ?"

ಅವನು ಕೈ ತೋರಿಸಿದ.

"ಹಂಗಾರ ಎಮ್ಮಿ ಎಲ್ಲಿ ನಿಂದರಬೇಕು, ಅಪ್ಪ ಎಲ್ಲಿ ನಿಂದರಬೇಕು?"

ಮಕ್ಕಳು ಬೆಂಚು ಬಿಟ್ಟು ಎದ್ದರು. ಎಮ್ಮೆ ಮೇಲಿನ ಕಡೆ ನಿಂತರೆ ಅಪ್ಪನಿಗೆ ಏನು ಬರುತ್ತದೆ ಎಂಬುದರ ಮೇಲೆ ಎರಡು ಪಕ್ಷಗಳಾದವು. ಅಪ್ಪನಿಗಿಂತ ಮೇಲೆ ಇನ್ನೊಬ್ಬರ ಎಮ್ಮೆ ಇದ್ದರೆ ಏನು ಗತಿ ಎಂದು ರಿಬ್ಬನ್ ಹುಡುಗಿ ಕೇಳಿದಳು. ಕುಡಿಯುವ ನೀರು ಎಲ್ಲಿ ಹಿಡಿಯಬೇಕು ಎಂದು ಅಕ್ಕ ಕೇಳಿದಾಗ ಗದ್ದಲ ಹೊರಗಿನ ರಸ್ತೆಗೂ ಕೇಳಿಸುತ್ತಿತ್ತು. ಆ ದಿನ ಆ ಕೋಣೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದದ್ದು ಅದೇ ಮೊದಲು.

ಮೌಲ್ಯಮಾಪಕರು ಪೆನ್ನು ಕೆಳಗಿಟ್ಟಿದ್ದರು. ಪಾಠ ಮುಗಿದ ಮೇಲೆ ಕರೆದು ಹೇಳಿದರು: "ಮೇಡಂ, ನೀರಿನ ಮೂಲ ಐದು. ನಮ್ಮ ಹಾಳ್ಯಾಗ ಎಮ್ಮಿ ಇಲ್ರೀ."

"ಕಾಲಿವಿನೂ ಇಲ್ಲೇನ್ರೀ? ಇದು ಸಿಂಧನೂರು."

"ಹಾಳ್ಯಾಗ ಇದ್ದದ್ದಕ್ಕ ನಾ ಅಂಕ ಕೊಡಬೇಕು." ಅವರು ದುಷ್ಟ ಮನುಷ್ಯರಲ್ಲ. ದನಿಯಲ್ಲಿ ಬೇಸರವೂ ಇತ್ತು. ಬೇಸರದಿಂದಲೇ ಬರೆದರು: ತರಗತಿಯಲ್ಲಿ ಗದ್ದಲ, ಕಲಿಕಾ ಸಾಮಗ್ರಿ ಇಲ್ಲ, ನಿರೀಕ್ಷಿತ ಉತ್ತರಗಳು ಮಕ್ಕಳಿಂದ ಬಂದಿಲ್ಲ. ಆ ತಂಡದಲ್ಲಿ ನಪಾಸಾದವಳು ಅಕ್ಕ ಒಬ್ಬಳೇ. ಎರಡನೇ ಪ್ರಶ್ನೆ ಮರೆತ ಮಾಸ್ತರು ಪಾಸಾಗಿದ್ದರು.

ಬಸ್ ನಿಲ್ದಾಣದಲ್ಲಿ ಮಸ್ಕಿ ಬಸ್ಸಿಗೆ ಕಾಯುವಾಗ ಅವಳ ಹೆಡ್‌ಮಾಸ್ತರ ಫೋನ್ ಬಂತು. ಸ್ಪೀಕರ್ ಹಾಕದೆಯೂ ಕೇಳಿಸುವ ದನಿ ಅವರದು. "ಪಾಸಾತೇನ್ರೀ ಮೇಡಂ? ಲಗೂನ ಬರ್ರಿ. ನಿಮ್ಮ ಒಂದನೇತ್ತದವ್ರು ನನ್ನ ಜೀವಾ ತಿನ್ನಾಕತ್ತಾರ. ಐದನೇತ್ತದವ್ರ ಸಂಗಾಟ ಕುಂದರಿಸೀನಿ, ಮಗ್ಗಿ ಒದರತಾವ, ಕಾಗುಣಿತ ಎಲ್ಲಾ ಮರತಾವ."

ಅಕ್ಕ ಫೋನ್ ಚೀಲದಲ್ಲಿಟ್ಟಳು. ಮತ್ತೆ ಹೋದರೆ ಮಕ್ಕಳಿಂದ ಇನ್ನೂ ಐದು ದಿನ ದೂರ. ಹೋಗದಿದ್ದರೆ ಶ್ರೇಣಿ ಇಲ್ಲ. ಮುಂದಿನ ಪಗಾರ, ಕೊನೆಗೆ ಪಿಂಚಣಿ, ಎಲ್ಲವೂ ಅದರ ಮೇಲೆ ನಿಂತಿತ್ತು.

"ಬಿಟ್ಟು ಬಿಡ್ತೀಯೇನು?" ಅಂದೆ.

"ಯಾಕ ಬಿಡ್ಲಿ? ದುಡದದ್ದು ನಂದು. ಹಕ್ಕಿನ ಪಗಾರ ಬಿಡಾಕ ನಾ ಏನು ಸನ್ಯಾಸಿನಾ?" ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಅವರಿಗೆ ಗಿಣಿ ಬೇಕಲ್ಲ? ಗಿಣಿ ಆಗಿ ತೋರಸ್ತೀನಿ."

ಮುಂದಿನ ತಂಡದ ಸಮಾರೋಪಕ್ಕೂ ಕರೆ ಬಂತು. ಹೋಗುವ ಮೊದಲು ಅಕ್ಕನ ಜೊತೆ ಪೇಟೆಯ ಸ್ಟೇಶನರಿ ಅಂಗಡಿಗೆ ಹೋದೆ. ಬಾಯಿ ತೆರೆಯುವ ಮೊದಲೇ ಅಂಗಡಿಯವನು, "ನೀರಿನ ಮೂಲಗಳಾ ಮೇಡಂ? ಲ್ಯಾಮಿನೇಷನ್ ಮಾಡಿದ್ದು ಕೊಡ್ಲೋ, ಸಾದಾನೋ?" ಅಂದ. ತರಬೇತಿ ಶುರುವಾದಾಗಿನಿಂದ ಅವನ ವ್ಯಾಪಾರ ಚೆನ್ನಾಗಿತ್ತು. ಶಿಕ್ಷಣದ ಸುಧಾರಣೆಯಿಂದ ಕಣ್ಣಿಗೆ ಕಾಣುವ ಲಾಭ ಆದದ್ದು ನನಗೆ ಗೊತ್ತಿರುವಂತೆ ಅವನೊಬ್ಬನಿಗೆ.

ಅದೇ ಸಭಾಂಗಣ, ಅದೇ ಮೌಲ್ಯಮಾಪಕರು, ಅದೇ ಮಕ್ಕಳು. ಅಕ್ಕ ಮುಂದೆ ಬಂದು ನಿಂತಾಗ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ರಿಬ್ಬನ್ ಹುಡುಗಿ ಕೈ ಎತ್ತಿದಳು.

"ಮೇಡಂ, ಇವತ್ತ ಎಮ್ಮಿ ಅದ ಏನ್ರೀ?"

"ಇಲ್ಲವ್ವಾ. ಇವತ್ತ ಬಾವಿ, ಕೆರೆ."

ಹುಡುಗಿ ಕೂತಳು. ಪಾಠ ಗಡಿಯಾರದಂತೆ ನಡೆಯಿತು. ಪ್ರಶ್ನೆ, ಉತ್ತರ, ಚಾರ್ಟ್, ಮಳೆ ಚಪ್ಪಾಳೆ. ಮಕ್ಕಳು ಕಿಟಕಿಯ ಕಡೆ ನೋಡುತ್ತಲೇ ಐದೂ ಮೂಲಗಳನ್ನು ಒದರಿದರು. ಮೌಲ್ಯಮಾಪಕರು ಪೆನ್ನು ಒಮ್ಮೆಯೂ ಕೆಳಗಿಡಲಿಲ್ಲ. ತಂಡದಲ್ಲೇ ಹೆಚ್ಚು ಅಂಕ ಅಕ್ಕನಿಗೆ ಬಂತು.

ಸಮಾರೋಪದಲ್ಲಿ ಸಂಪನ್ಮೂಲ ವ್ಯಕ್ತಿ ಮೈಕಿನ ಮುಂದೆ ಅವಳನ್ನು ಉದಾಹರಣೆಯಾಗಿ ತೋರಿಸಿದರು. ತರಬೇತಿಗೆ ಮೊದಲು ಹೇಗಿದ್ದರು, ಈಗ ಹೇಗಾದರು ನೋಡಿ, ಎಂದರು. ಕೆಳಗಿಳಿದು ಬಂದು, ಎಲ್ಲರೆದುರು ದೊಡ್ಡ ಮನಸ್ಸು ಮಾಡಿದರು.

"ಮೇಡಂ, ನಿಮ್ಮಂಥವ್ರು ನಮಗ ಬೇಕ್ರೀ. ಮುಂದಿನ ತಂಡದಿಂದ ನೀವೂ ಸಂಪನ್ಮೂಲ ವ್ಯಕ್ತಿ ಆಗ್ರಿ. ಹೆಸರು ಕಳಸ್ಲೇನು?"

"ಬ್ಯಾಡ್ರೀ ಸರ್."

"ಯಾಕ್ರೀ? ವರ್ಷದಾಗ ಅರ್ಧಕ್ಕರ್ಧ ದಿನ ಸಾಲಿಗಿ ಹೋಗೋದೇ ತಪ್ಪತದ!" ದನಿ ತಗ್ಗಿಸಿದರು. "ಆ ಆಟೋ, ಆ ಬಿಸಲು, ಆ ಸಣ್ಣ ಹುಡುಗ್ರ ಕಿರಿಕಿರಿ ಯಾವುದೂ ಇಲ್ಲ. ಇಲ್ಲಿ ಫ್ಯಾನ್ ಅದ, ಊಟ ಅದ."

"ಅದಕ್ಕ ಒಲ್ಲೆ ಅಂದೆ ರೀ. ನಾ ನೌಕರಿಗಿ ಸೇರಿದ್ದು ಆ ಕಿರಿಕಿರಿಗೇ."

ತಮಾಷೆ ಎಂದುಕೊಂಡು ಅವರು ನಕ್ಕರು. ಅಕ್ಕ ನಗದಿದ್ದಾಗ ನಗು ನಿಲ್ಲಿಸಿ, ಗುಂಪು ಫೋಟೋಕ್ಕೆ ಬ್ಯಾನರ್ ನೆಟ್ಟಗೆ ಕಟ್ಟಿಸಲು ಹೋದರು. ನಾನು ಆ ದಿನದ ಸುದ್ದಿಯನ್ನು ಮೂರು ಸಾಲಿನಲ್ಲಿ ಕಳಿಸಿದೆ: ತರಬೇತಿ ಮುಗಿಯಿತು, ಇಷ್ಟು ಶಿಕ್ಷಕರು ಭಾಗವಹಿಸಿದ್ದರು, ಪ್ರಮಾಣಪತ್ರ ವಿತರಿಸಲಾಯಿತು. ಎಲ್ಲವೂ ನಿಜ.

ಶ್ರೇಣಿಯ ಆದೇಶ ಬರಲು ಕೆಲವು ವಾರ ಹಿಡಿಯಿತು. ಅದು ಬಂದಾಗ ನಾನು ಬೇರೊಂದು ಸುದ್ದಿಗೆಂದು ಮಸ್ಕಿಗೆ ಹೋಗಿದ್ದವನು ಅವಳ ಶಾಲೆಯ ತನಕ ಹೋಗಿದ್ದೆ. ಹೆಡ್‌ಮಾಸ್ತರು ಫೋನಿನಲ್ಲಿ ಬಂದ ಆದೇಶವನ್ನು ವರಾಂಡದಲ್ಲಿ ನಿಂತು ಗಟ್ಟಿಯಾಗಿ ಓದಿದರು. ಬೋಧನಾ ಕೌಶಲದಲ್ಲಿ ಕಂಡುಬಂದ ಪ್ರಗತಿಯನ್ನು ಪರಿಗಣಿಸಿ, ಎಂದು ಅದರಲ್ಲಿತ್ತು.

"ಪ್ರಗತಿ ಆಗೇದ ಅಂತ್ರೀ ಮೇಡಂ! ಪೇಡಾ ಎಲ್ಲಿ?"

"ನಾಳಿ ತರ್ತೀನ್ರೀ. ಈಗ ಎರಡನೇತ್ತ, ಮೂರನೇತ್ತದವ್ರನ್ನ ಜರಾ ನೀವು ನೋಡ್ಕೋರಿ. ಅಕ್ಕಿ ಆಮ್ಯಾಲ ತೂಗಿದ್ರ ನಡೀತದ."

ಹೆಡ್‌ಮಾಸ್ತರು ಗೊಣಗುತ್ತಾ ಹೋದರು. ಅಕ್ಕ ಒಂದನೇ ತರಗತಿಯವರನ್ನು ನೆಲದ ಮೇಲೆ ಸುತ್ತ ಕೂರಿಸಿಕೊಂಡು ಸ್ಲೇಟು ತೆಗೆಸಿದಳು. ಆ ಹೊತ್ತಿಗೆ ಅವರು ಸಣ್ಣ ಸಣ್ಣ ವಾಕ್ಯ ಓದಬೇಕಿತ್ತು, ಹಿಂದಿನ ವರ್ಷದವರು ಓದುತ್ತಿದ್ದರು. ಎರಡು ಸಲ ಬಿಟ್ಟು ಎರಡು ಸಲ ಮೊದಲಿನಿಂದ ಶುರುಮಾಡಿದ ಇವರು ಇನ್ನೂ ಕ, ಕಾ, ಕಿ, ಕೀ ದಾಟಿರಲಿಲ್ಲ.