ಎರಡು ಬೆರಳಿನಷ್ಟು ಸಡಿಲ

ತೊಗರ್ಸಿಯ ಆ ಕೂಸಿನ ಕಾಯಿಲೆಯನ್ನು ಮೊದಲು ಪತ್ತೆ ಮಾಡಿದ್ದು ನಾನು ಎಂದು ನಮ್ಮ ಕ್ಲಿನಿಕ್ಕಿನಲ್ಲಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಇವತ್ತು ಅದೇ ಹುಡುಗ ಅಜ್ಜಿಯ ಜೊತೆ ಕೆಮ್ಮಿಗೆಂದು ಬಂದಿದ್ದ. ತೂಕಕ್ಕೆ ಅಂಗಿ ಬಿಚ್ಚಿಸಿದಾಗ ಸೊಂಟದಲ್ಲಿ ಕರಿ ಉಡಿದಾರ ಕಂಡಿತು. ಇನ್ನು ಸುಮ್ಮನಿರುವುದು ಕಷ್ಟ.

ಶಿಕಾರಿಪುರದ ಈ ಮಕ್ಕಳ ಕ್ಲಿನಿಕ್ಕಿನಲ್ಲಿ ನಾನು ನರ್ಸ್ ಕೋಆರ್ಡಿನೇಟರ್. ಹೆಸರು ಉದ್ದ, ಕೆಲಸ ಇಷ್ಟೇ: ಯಾರು ಡಾಕ್ಟರ ಬಳಿ ಹೋಗಬೇಕು, ಯಾರು ಚುಚ್ಚುಮದ್ದು ಹಾಕಿಸಿಕೊಂಡು ಮನೆಗೆ ಹೋಗಬಹುದು ಎಂದು ಬಾಗಿಲಲ್ಲೇ ತೀರ್ಮಾನಿಸುವುದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವಳಿಗೆ ಕೊಡಬಾರದ ಕುರ್ಚಿ.

ಎರಡು ವರ್ಷದ ಹಿಂದಿನ ಚಳಿಗಾಲ. ಒಂಬತ್ತು ತಿಂಗಳ ಮೊಮ್ಮಗನನ್ನು ಚುಚ್ಚುಮದ್ದಿಗೆ ತಂದ ಅಜ್ಜಿ ಡಾಕ್ಟರಿಗೂ ತೋರಿಸಬೇಕೆಂದರು. ಯಾಕೆ ಎಂದೆ. ಉಡಿದಾರ ಸಡಿಲಾಗಿದೆ ಎಂದರು. ನಾನು ಕಾರ್ಡ್ ತೋರಿಸಿದೆ: ಹೋದ ಸಲಕ್ಕಿಂತ ತೂಕ ತುಸು ಹೆಚ್ಚೇ ಇತ್ತು. ಅಷ್ಟಕ್ಕೇ ಬಿಟ್ಟೆನೇ? ದಾರ ಕಟ್ಟಿದರೆ ದೃಷ್ಟಿ ತಾಗುವುದಿಲ್ಲವೆಂಬುದು ಸುಳ್ಳು ಎಂದು ಮೂರು ಕಾರಣ ಕೊಟ್ಟು ವಾದಿಸಿದೆ. ದೃಷ್ಟಿಯ ಮಾತನ್ನು ಆಕೆ ಎತ್ತಿಯೇ ಇರಲಿಲ್ಲ ಎನ್ನುವುದು, ನೋಡಿ, ಆಗ ಹೊಳೆಯಲಿಲ್ಲ.

"ನಿನ್ ತಕ್ಕಡಿ ಏನಾರ ಹೇಳ್ಲವ್ವ. ಹೋದ ಅಮಾಸಿಗೆ ಒಂದು ಬೆರಳು ಬಿಗಿ ಆಗ್ತಿತ್ತು, ಈಗ ಎರಡು ಹೋಗ್ತಾವೆ."

ಹೀಗೆಂದವರು ಬೆಂಚಿನ ಮೇಲೆ ಕೂತುಬಿಟ್ಟರು. ಕೊನೆಯ ಟೋಕನ್ ಮುಗಿಯುವವರೆಗೂ ಏಳಲಿಲ್ಲ. ಆಮೇಲೆ ತಾವೇ ಕೂಸಿನ ಟೋಪಿ, ಸ್ವೆಟರ್, ಅದರೊಳಗಿನ ಇನ್ನೊಂದು ಸ್ವೆಟರ್, ಕಾಲುಚೀಲ ಎಲ್ಲ ಬಿಚ್ಚಿ ತಕ್ಕಡಿಯ ಮೇಲೆ ಮಲಗಿಸಿದರು. ಬೆಳಿಗ್ಗೆ ನಾನು ಕೂಸಿನ ಜೊತೆ ಉಣ್ಣೆಯನ್ನೂ ತೂಗಿದ್ದೆ. ಬರೀ ಮೈಯ ತೂಕ, ಹೋದ ಸಲ ಬರೀ ಮೈಯಲ್ಲೇ ತೂಗಿದ್ದಕ್ಕಿಂತ ಮುನ್ನೂರು ಗ್ರಾಂ ಕಡಿಮೆ.

ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಸಿಕ್ಕಿತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಕಿಡ್ನಿಗೆ ಏಟು ಬೀಳುತ್ತಿತ್ತು ಎಂದರು. ಫೈಲಿನಲ್ಲಿ ನಾನು 'ಮತ್ತೆ ತೂಗಲಾಯಿತು' ಎಂದು ಬರೆದು ಸಹಿ ಹಾಕಿದೆ. ಹೊಗಳಿಕೆ ನನಗೆ ಬಂತು. ತೂಗಿದವರು ಯಾರೆಂದು ಬರೆಯಲು ಅಲ್ಲಿ ಜಾಗವಿರಲಿಲ್ಲ ಎಂದು ಇಷ್ಟು ದಿನ ನನ್ನೊಳಗೇ ವಾದಿಸಿಕೊಂಡಿದ್ದೇನೆ. ಜಾಗವಿತ್ತು.

ಇವತ್ತು ಹುಡುಗ ತಕ್ಕಡಿಯಿಂದ ಇಳಿಯುವಾಗ, ಸೊರಬದಿಂದ ಹೊಸದಾಗಿ ಬಂದ ನರ್ಸ್ ಕೇಳಿದಳು: "ಇವ್ನ ಕಾಯ್ಲೆ ಹಿಡ್ದಿದ್ದು ನಮ್ಮಕ್ಕ ಅಂತಲ್ಲ ಅಜ್ಜಿ?" ಅಜ್ಜಿ ಹೌದೆಂದು ತಲೆಯಾಡಿಸಿದರು. ನಾನು ಅಲ್ಲ ಎಂದೆ. ನಡೆದದ್ದನ್ನು ಅಲ್ಲಿದ್ದವರೆಲ್ಲರಿಗೂ ಕೇಳುವಂತೆ ಹೇಳಿದೆ, ಈ ಸಲ ಕಾರಣಗಳ ಪಟ್ಟಿಯಿಲ್ಲದೆ. ಅಜ್ಜಿ ಮೊಮ್ಮಗನ ಅಂಗಿಯ ಗುಂಡಿ ಹಾಕುತ್ತಿದ್ದರು.

"ಎಲ್ಲಾ ಗೊತ್ತಿದ್ದೂ ಯಾಕೆ ಅಜ್ಜಿ ಹೌದು ಅಂದ್ರಿ?" ಹೊಸ ನರ್ಸ್ ಕೇಳಿದಳು.

"ಕೂಸು ಹುಷಾರಾತಲ್ಲವ್ವ, ಹೆಸ್ರು ಯಾರ್ದಾದ್ರೇನು," ಎಂದು ಅಜ್ಜಿ ಕೊನೆಯ ಗುಂಡಿ ಹಾಕಿದರು.