ಆಫ್ ಬಟನ್ ಇಲ್ಲದ ವಾಚು

ಶಹಾಪುರದಲ್ಲಿ ನೇಮಕಾತಿ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದೆ. ಕೋಣೆಯ ಬಾಗಿಲಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳ ಕೈಯಲ್ಲಿ ವಾಚು ಕಂಡಿತು.

"ಒಳಗ ವಾಚ್-ಗೀಚ್ ಎಲ್ಲಾ ಆಫ್ ಇರಬೇಕಂತ ರೂಲ್ಸ್ ಅದ. ಆಫ್ ಮಾಡವ್ವ," ಅಂದೆ.

"ಕೀಲಿ ಕೊಡೋ ವಾಚ್ ರೀ ಸರ್. ಆಫ್ ಬಟನ್ನ ಇಲ್ಲ."

"ಮೊಬೈಲ್ ಕಾಲದಾಗ ಇದ್ಯಾಕ ಬೇಕಾತು?"

"ಮೊಬೈಲ್ ದಿನಾ ನನಗ ಹುಕುಂ ಮಾಡ್ತದ್ರಿ. ಇದು ನಾ ಕೀಲಿ ಕೊಟ್ರಷ್ಟ ನಡೀತದ."

ಮಾತು ಹಿಡಿಸಿತು, ಆದರೆ ನಿಯಮ ಬಿಡುವಂತಿರಲಿಲ್ಲ. ಪರೀಕ್ಷೆ ತಪ್ಪೀತೆಂದು ಆಕೆಯ ಮುಖ ಸಣ್ಣದಾಯಿತು. ಕೊನೆಗೆ ಕೀಲಿಯ ಗುಂಡಿಯನ್ನು ಹೊರಗೆಳೆದಳು. ಸೆಕೆಂಡಿನ ಮುಳ್ಳು ನಿಂತಿತು. ವಾಚು ಆಫ್ ಆಯಿತೆಂದು ಒಳಗೆ ಬಿಟ್ಟೆ.

ಆಮೇಲೆ ಪರೀಕ್ಷೆ ಮುಗಿಯುವವರೆಗೂ ಕಾಲು ತಾಸಿಗೊಮ್ಮೆ ಕೈ ಎತ್ತಿ, "ಸರ್, ಟೈಮ್ ಎಷ್ಟಾತ್ರಿ?" ಎಂದು ಕೇಳಿದಳು. ಪ್ರತಿ ಸಲವೂ ಹೇಳಿದೆ. ನಾನು ಬಾಯಿಬಿಟ್ಟು ಹೇಳುವುದಕ್ಕೆ ಯಾವ ನಿಯಮದ ಅಡ್ಡಿಯೂ ಇರಲಿಲ್ಲ.